ಗೂಗಲ್‌ನ ಬದ್ಧತೆಗೆ ಇಂಡಿ, ಸಿಂದಗಿಯೇ ಒರೆಗಲ್ಲು

ಪ್ರತಿ ವರ್ಷ ಮೇ ತಿಂಗಳ ಮೂರನೇ ಗುರುವಾರ ಬಂತೆಂದರೆ ಜಗತ್ತಿನ ದೊಡ್ಡ ತಂತ್ರಜ್ಞಾನ ಕಂಪನಿಗಳೆಲ್ಲ ಒಂದೇ ರಾಗ ಹಾಡುತ್ತವೆ. ಅಂದು ಜಾಗತಿಕ ಸುಗಮ್ಯತಾ ಜಾಗೃತಿ ದಿನ. 2012ರಲ್ಲಿ ಆರಂಭವಾದ ಈ ಆಚರಣೆಯ ಆಸುಪಾಸಿನಲ್ಲಿ ಗೂಗಲ್, ಆಪಲ್, ಮೈಕ್ರೋಸಾಫ್ಟ್ ಮೊದಲಾದ ಸಂಸ್ಥೆಗಳು ಅಂಧರಿಗೆ, ಶ್ರವಣದೋಷ ಉಳ್ಳವರಿಗೆ, ಕೈಬೆರಳು ಸ್ವಾಧೀನದಲ್ಲಿಲ್ಲದವರಿಗೆ ತಾವು ರೂಪಿಸಿದ ಹೊಸ ಸೌಲಭ್ಯಗಳನ್ನು ಪ್ರಕಟಿಸುತ್ತವೆ. ಮನ ಕರಗಿಸುವ ವಿಡಿಯೊಗಳು ಬಿಡುಗಡೆಯಾಗುತ್ತವೆ. ಹೇಳಿಕೆಗಳಲ್ಲಿ ‘ಬದ್ಧತೆ’ ಎಂಬ ಪದವಂತೂ ತಪ್ಪದೆ ಇರುತ್ತದೆ.

ಈ ಬದ್ಧತೆಯನ್ನು ಅಳೆಯುವುದು ಹೇಗೆ? ಕಂಪನಿಯ ಪ್ರಕಟಣೆಗಳನ್ನು ಓದಿ ಅಳೆಯಬಹುದು, ಅದು ಪಡೆದ ಪ್ರಶಸ್ತಿಗಳನ್ನು ಎಣಿಸಬಹುದು, ಅಮೆರಿಕದ ಅಂಧರ ಸಂಘಟನೆಗಳ ಅಭಿಪ್ರಾಯ ಕೇಳಬಹುದು. ಆದರೆ ಕನ್ನಡಿಗರ ಮಟ್ಟಿಗೆ ಇದಕ್ಕಿಂತ ನೇರವಾದ ಅಳತೆಗೋಲು ಇದೆ. ವಿಜಯಪುರ ಜಿಲ್ಲೆಯ ಇಂಡಿ, ಸಿಂದಗಿ, ಮುದ್ದೇಬಿಹಾಳ ಅಥವಾ ಬಸವನ ಬಾಗೇವಾಡಿಯಲ್ಲಿರುವ, ಕನ್ನಡವಷ್ಟೇ ಬಲ್ಲ ಅಂಧರೊಬ್ಬರು ಹತ್ತು ಸಾವಿರ ರೂಪಾಯಿಯೊಳಗಿನ ಫೋನ್ ಹಿಡಿದು, ಯಾರ ನೆರವೂ ಇಲ್ಲದೆ, ಒಂದು ಸರ್ಕಾರಿ ಅರ್ಜಿಯನ್ನು ಮೊದಲಿನಿಂದ ಕೊನೆಯವರೆಗೆ ಭರ್ತಿ ಮಾಡಬಲ್ಲರೇ?

ಪ್ರಶ್ನೆ ಸಣ್ಣದೆನ್ನಿಸಬಹುದು. ಆದರೆ ಈ ಒಂದು ಕೆಲಸ ಪೂರ್ಣಗೊಳ್ಳಬೇಕಾದರೆ ಫೋನ್ ತಯಾರಕ, ಕಾರ್ಯಾಚರಣಾ ವ್ಯವಸ್ಥೆ, ಕನ್ನಡದ ಧ್ವನಿ, ಆ್ಯಪ್ ಬರೆದವರು, ಜಾಲತಾಣ ಕಟ್ಟಿದ ಇಲಾಖೆ, ಕೊನೆಗೆ ಕಾನೂನು, ಇಷ್ಟೂ ಕೊಂಡಿಗಳು ಒಂದಕ್ಕೊಂದು ಸೇರಬೇಕು. ಒಂದು ಕೊಂಡಿ ಕಳಚಿದರೂ ಆ ವ್ಯಕ್ತಿ ಪಕ್ಕದವರ ಕೈಗೆ ಫೋನ್ ಕೊಡಬೇಕಾಗುತ್ತದೆ. ಫೋನ್ ಜೊತೆಗೆ ಆಧಾರ್ ಸಂಖ್ಯೆ, ಒಟಿಪಿ, ಬ್ಯಾಂಕ್ ಖಾತೆಯ ವಿವರವನ್ನೂ ಕೊಟ್ಟಂತೆಯೇ. ಮಾಸಾಶನ ಎಷ್ಟು ಬಂತು, ಸಾಲ ಎಷ್ಟಿದೆ ಎಂಬುದು ಓಣಿಗೆಲ್ಲ ತಿಳಿಯುವುದು ಹೀಗೆ. ಕಣ್ಣಿಲ್ಲದವರಿಗೆ ಗುಟ್ಟೂ ಇರಬಾರದೇ?

ಕೈಯಲ್ಲಿರುವ ಫೋನ್

ಗೂಗಲ್ ಕಂಪನಿಯನ್ನೇ ಮೊದಲಿಗೆ ಒರೆಗೆ ಹಚ್ಚಲು ಕಾರಣವಿದೆ. ಭಾರತದಲ್ಲಿ ಬಳಕೆಯಲ್ಲಿರುವ ಸ್ಮಾರ್ಟ್‌ಫೋನುಗಳಲ್ಲಿ ಹತ್ತಕ್ಕೆ ಒಂಬತ್ತಕ್ಕಿಂತ ಹೆಚ್ಚು ಆ್ಯಂಡ್ರಾಯ್ಡ್ ಫೋನುಗಳು. ಲಿಂಬೆಗೆ ಹೆಸರಾದ ಇಂಡಿಯಲ್ಲಾಗಲಿ, ಬಸವಣ್ಣನವರ ಜನ್ಮಸ್ಥಳವಾದ ಬಾಗೇವಾಡಿಯಲ್ಲಾಗಲಿ ಐಫೋನ್ ಹಿಡಿದವರನ್ನು ಬೆರಳಲ್ಲಿ ಎಣಿಸಬಹುದು. ಇಲ್ಲಿನ ಜನರಿಗೆ ಅಂತರ್ಜಾಲವೆಂದರೆ ಗಣಕಯಂತ್ರವಲ್ಲ, ಫೋನ್. ಫೋನ್ ಎಂದರೆ ಬಹುಪಾಲು ಗೂಗಲ್‌ನ ತಂತ್ರಾಂಶ.

ಕಂಪನಿಯ ಸಾಧನೆಯನ್ನು ಕಡೆಗಣಿಸುವಂತಿಲ್ಲ. ಜಗತ್ತಿನ ಮಾಹಿತಿಯನ್ನು ಸರ್ವರಿಗೂ ಎಟಕುವಂತೆ ಮಾಡುವುದೇ ತನ್ನ ಧ್ಯೇಯವೆಂದು ಅದು ಹುಟ್ಟಿದಾಗಿನಿಂದ ಹೇಳಿಕೊಂಡಿದೆ. ಪುಣೆಯಲ್ಲಿ ಹುಟ್ಟಿ, ಬಾಲ್ಯದಲ್ಲಿಯೇ ದೃಷ್ಟಿ ಕಳೆದುಕೊಂಡು, ಮುಂಬೈ ಐಐಟಿಯಲ್ಲಿ ಓದಿದ ಟಿ.ವಿ. ರಾಮನ್ ಅವರಂತಹ ಗಣಕ ವಿಜ್ಞಾನಿ ಅಲ್ಲಿ ಕೆಲಸ ಮಾಡಿದ್ದಾರೆ. 2006ರಲ್ಲಿ ಅಂಧರಿಗೆ ಅನುಕೂಲವಾಗುವ ತಾಣಗಳನ್ನು ಮುಂದೆ ತರುವ ಹುಡುಕಾಟದ ಪ್ರಯೋಗ ನಡೆದದ್ದು ಅವರ ಮುಂದಾಳತ್ವದಲ್ಲಿ. 2009ರಲ್ಲಿ ಆ್ಯಂಡ್ರಾಯ್ಡ್‌ಗೆ ‘ಟಾಕ್‌ಬ್ಯಾಕ್’ ಬಂತು. ತೆರೆಯ ಮೇಲೆ ಬೆರಳಾಡಿಸಿದರೆ ಬೆರಳಿನ ಕೆಳಗೆ ಏನಿದೆ ಎಂಬುದನ್ನು ಓದಿ ಹೇಳುವ, ಎರಡು ಬಾರಿ ತಟ್ಟಿದರೆ ಅದನ್ನು ತೆರೆಯುವ ತಂತ್ರಾಂಶ ಇದು. ಅದಕ್ಕೂ ಮೊದಲು ಫೋನಿನ ಸ್ಕ್ರೀನ್ ರೀಡರ್ ಬೇಕೆಂದರೆ ಅಂಧರು ಫೋನಿನಷ್ಟೇ ಹಣ ತೆತ್ತು ಬೇರೆ ತಂತ್ರಾಂಶ ಕೊಳ್ಳಬೇಕಿತ್ತು. ಈಗ ಅಗ್ಗದ ಫೋನಿನಲ್ಲಿಯೂ ಅದು ಉಚಿತವಾಗಿ ದೊರೆಯುತ್ತದೆ. ಧ್ವನಿ ಹೆಚ್ಚು-ಕಡಿಮೆ ಮಾಡುವ ಎರಡೂ ಗುಂಡಿಗಳನ್ನು ಮೂರು ಸೆಕೆಂಡು ಒತ್ತಿ ಹಿಡಿದರೆ ಚಾಲೂ ಆಗುವ ವ್ಯವಸ್ಥೆಯೂ ಉಂಟು. ಆದರೆ ಈ ಸಂಗತಿ ಗೊತ್ತಿರುವ ಮೊಬೈಲ್ ಅಂಗಡಿಯವರು ತಾಲ್ಲೂಕಿಗೆ ಎಷ್ಟು ಮಂದಿ ಸಿಕ್ಕಾರು ಎಂಬುದು ಬೇರೆ ಮಾತು. ಹೊಸ ಫೋನಿನ ಕ್ಯಾಮೆರಾಕ್ಕೆ ಪುಟಗಟ್ಟಲೆ ಜಾಹೀರಾತು ಕೊಡುವವರು ಇದಕ್ಕೆ ಒಂದು ಸಾಲನ್ನೂ ಮೀಸಲಿಡುವುದಿಲ್ಲ.

2017ರ ಆಗಸ್ಟ್‌ನಲ್ಲಿ ಕನ್ನಡವೂ ಸೇರಿ ಎಂಟು ಭಾರತೀಯ ಭಾಷೆಗಳಲ್ಲಿ ಮಾತನಾಡಿ ಬರೆಯುವ ಸೌಲಭ್ಯ ಬಂತು. 2019ರಲ್ಲಿ ಎದುರಿನವರ ಮಾತನ್ನು ಆ ಕ್ಷಣವೇ ಅಕ್ಷರಕ್ಕಿಳಿಸಿ ಕಿವಿ ಕೇಳದವರಿಗೆ ತೋರಿಸುವ ‘ಲೈವ್ ಟ್ರಾನ್ಸ್‌ಕ್ರೈಬ್’ ಬಿಡುಗಡೆಯಾಯಿತು. ಚಿತ್ರದಲ್ಲಿ ಏನಿದೆ ಎಂಬುದನ್ನು ಕೃತಕ ಬುದ್ಧಿಮತ್ತೆಯ ನೆರವಿನಿಂದ ವಿವರಿಸುವ ಸೌಲಭ್ಯವನ್ನು ಟಾಕ್‌ಬ್ಯಾಕ್‌ಗೆ ಜೋಡಿಸುವುದಾಗಿ 2024ರಲ್ಲಿ ಕಂಪನಿ ಪ್ರಕಟಿಸಿತು. ಇವೆಲ್ಲ ನಿಜವಾದ ಕೆಲಸಗಳು. ಯಾರೋ ಎಂಜಿನಿಯರುಗಳು ವರ್ಷಗಟ್ಟಲೆ ಕುಳಿತು ಮಾಡಿದ್ದಾರೆ.

ಹಾಗಾದರೆ ತಕರಾರು ಏನು?

ಕನ್ನಡದ ಸರದಿ ಬಂದಾಗ

ಸ್ಕ್ರೀನ್ ರೀಡರ್ ಎಂಬುದು ಅರ್ಧ ತಂತ್ರಾಂಶ, ಇನ್ನರ್ಧ ಧ್ವನಿ. ಆ ಭಾಷೆಯ ಧ್ವನಿ ಇಲ್ಲದಿದ್ದರೆ ಉಳಿದದ್ದೆಲ್ಲ ಇದ್ದೂ ಇಲ್ಲದಂತೆ. ಟಾಕ್‌ಬ್ಯಾಕ್ ಬಂದಾಗ ಅದರಲ್ಲಿ ಕನ್ನಡ ಓದುವ ಗೂಗಲ್ ಧ್ವನಿ ಇರಲಿಲ್ಲ. ಹಿಂದಿಗೆ ಮೊದಲು ಬಂತು. ಕನ್ನಡಕ್ಕೆ ಹಲವು ವರ್ಷಗಳ ನಂತರ ಸರದಿ ಸಿಕ್ಕಿತು. ಆ ನಡುವೆ ಕನ್ನಡದ ಅಂಧ ಓದುಗರ ಕೈ ಹಿಡಿದದ್ದು ‘ಇಸ್ಪೀಕ್’ ಎಂಬ ಮುಕ್ತ ತಂತ್ರಾಂಶ. ಯಾವ ದೊಡ್ಡ ಕಂಪನಿಯ ಬಲವೂ ಇಲ್ಲದೆ, ಜಗತ್ತಿನ ಹಲವೆಡೆಯ ಸ್ವಯಂಸೇವಕರು ಸೇರಿ ಕಟ್ಟಿದ ಧ್ವನಿ ಅದು. ಯಂತ್ರ ಮಾತನಾಡಿದಂತೆಯೇ ಕೇಳುತ್ತದೆ, ನಿಜ. ಆದರೂ ಒತ್ತಕ್ಷರ ನುಂಗದೆ ಕನ್ನಡ ಓದಿತು. ಆಸ್ಟ್ರೇಲಿಯಾದ ಇಬ್ಬರು ಅಂಧ ಯುವಕರು 2006ರಲ್ಲಿ ಆರಂಭಿಸಿದ ‘ಎನ್‌ವಿಡಿಎ’ ಎಂಬ ಉಚಿತ ಸ್ಕ್ರೀನ್ ರೀಡರ್ ಇದೇ ಧ್ವನಿಯನ್ನು ಜೊತೆಗಿಟ್ಟುಕೊಂಡು ಗಣಕಯಂತ್ರಗಳಿಗೆ ಬಂತು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಪ್ರೊ. ಎ.ಜಿ. ರಾಮಕೃಷ್ಣನ್ ಅವರ ತಂಡ ಕನ್ನಡದ ಧ್ವನಿ ತಂತ್ರಾಂಶವನ್ನೂ, ಅಚ್ಚಾದ ಕನ್ನಡ ಪುಟವನ್ನು ಗುರುತಿಸಿ ಅಕ್ಷರಕ್ಕಿಳಿಸುವ ‘ಲಿಪಿ ಜ್ಞಾನಿ’ಯನ್ನೂ ರೂಪಿಸಿತು. ಇದ್ದ ಅಷ್ಟಿಷ್ಟು ಕೆಲಸ ನಡೆದದ್ದು ಇಂತಹವರಿಂದ.

ಟಾಕ್‌ಬ್ಯಾಕ್‌ಗೆ 2020ರಲ್ಲಿ ಬ್ರೈಲ್ ಕೀಲಿಮಣೆ ಬಂದಾಗಲೂ ಮೊದಲ ಮಣೆ ಇಂಗ್ಲಿಷ್ ಬ್ರೈಲ್‌ಗೆ. ಇದು ಒಂದು ಕಂಪನಿಯ ದುರುದ್ದೇಶವೇನಲ್ಲ, ವ್ಯಾಪಾರದ ಲೆಕ್ಕಾಚಾರ. ಕಾಸು ಕೊಡುವ ಭಾಷೆಗೆ ಮೊದಲು, ಉಳಿದದ್ದಕ್ಕೆ ಆಮೇಲೆ. ಆದರೆ ಬದ್ಧತೆ ಎಂಬ ಪದವನ್ನು ಬಳಸಿದ ಮೇಲೆ ಈ ಸರದಿಯ ಲೆಕ್ಕವನ್ನೂ ಕೇಳಬೇಕಾಗುತ್ತದೆ.

ಇಲ್ಲೊಂದು ಸಂಗತಿ ನೆನಪಿಸಿಕೊಳ್ಳಬಹುದು. 2021ರ ಜೂನ್‌ನಲ್ಲಿ ಭಾರತದ ‘ಕುರೂಪ’ ಭಾಷೆ ಯಾವುದೆಂದು ಹುಡುಕಿದವರಿಗೆ ಗೂಗಲ್ ಕನ್ನಡದ ಹೆಸರು ತೋರಿಸಿತು. ನಾಡಿಗೆ ನಾಡೇ ಸಿಡಿದೆದ್ದಿತು. ಸಚಿವರು ನೋಟಿಸ್ ಎಂದರು, ಪಕ್ಷಭೇದ ಮರೆತು ಎಲ್ಲರೂ ಖಂಡಿಸಿದರು. ಕಂಪನಿ ಆ ಉತ್ತರವನ್ನು ತೆಗೆದುಹಾಕಿ ಕ್ಷಮೆ ಕೇಳಿತು. ಕನ್ನಡದ ಮಾನದ ಪ್ರಶ್ನೆಗೆ ಇಷ್ಟು ಬೇಗ ಬಗ್ಗಿದ ಕಂಪನಿ, ಕನ್ನಡ ಧ್ವನಿಯ ಪ್ರಶ್ನೆಗೂ ಬಗ್ಗುತ್ತಿತ್ತೋ ಏನೋ. ಆದರೆ ಆ ಕೂಗು ಅಷ್ಟು ಗಟ್ಟಿಯಾಗಿ ಎಂದೂ ಕೇಳಿಬರಲಿಲ್ಲ.

ಮಾತು ಗುರುತಿಸುವ ತಂತ್ರಾಂಶದ್ದು ಇನ್ನೊಂದು ಪಾಡು. ಮೈಸೂರು-ಬೆಂಗಳೂರಿನ ಕನ್ನಡ, ಪಠ್ಯಪುಸ್ತಕದ ಕನ್ನಡ ಒಂದಾದರೆ, ‘ಹೋಗಾಕತ್ತೀನ್ರಿ’, ‘ಬಂದಾನ’, ‘ಹೇಳ್ಯಾರ’ ಎನ್ನುವ ವಿಜಯಪುರದ ಕನ್ನಡವೇ ಬೇರೆ. ಮರಾಠಿ, ಉರ್ದು, ಹಿಂದಿ ಬೆರೆತ ಗಡಿಯ ಮಾತು ಇಂಡಿಯದ್ದು. ಯಂತ್ರ ಯಾವ ಕನ್ನಡ ಕೇಳಿ ಕಲಿತಿದೆಯೋ ಆ ಕನ್ನಡವನ್ನಷ್ಟೇ ಬಲ್ಲದು. ಈ ವಿಷಯದಲ್ಲಿ ಗೂಗಲ್‌ಗೆ ಕೊಡಬೇಕಾದ ಮೆಚ್ಚುಗೆ ಕೊಡಲೇಬೇಕು. ಭಾರತೀಯ ವಿಜ್ಞಾನ ಸಂಸ್ಥೆ ಮತ್ತು ಅದರ ಆರ್ಟ್‌ಪಾರ್ಕ್ ಜೊತೆಗೂಡಿ 2022ರಲ್ಲಿ ಘೋಷಿಸಿದ ‘ವಾಣಿ’ ಯೋಜನೆಯಲ್ಲಿ ರಾಜಧಾನಿಗಳ ಭಾಷೆಯನ್ನಷ್ಟೇ ಹಿಡಿಯದೆ, ದೇಶದ ಪ್ರತಿ ಜಿಲ್ಲೆಯ ಆಡುಮಾತನ್ನು ದಾಖಲಿಸುವ ಗುರಿ ಇರಿಸಿಕೊಳ್ಳಲಾಯಿತು. ಒಟ್ಟು ಒಂದೂವರೆ ಲಕ್ಷ ಗಂಟೆಗಳಷ್ಟು ಮಾತು ಸಂಗ್ರಹಿಸಿ ಎಲ್ಲರಿಗೂ ಮುಕ್ತವಾಗಿ ಕೊಡುವುದು ಉದ್ದೇಶ. ಜಿಲ್ಲೆಯನ್ನು ಅಳತೆಯ ಘಟಕವಾಗಿ ಇಟ್ಟುಕೊಂಡದ್ದೇ ಸರಿಯಾದ ಹೆಜ್ಜೆ. ಮೇ ತಿಂಗಳ ಹತ್ತು ವಿಡಿಯೊಗಳಿಗಿಂತ ಇದರ ತೂಕ ಹೆಚ್ಚು.

ಇನ್ನು ಧ್ವನಿ ಬಂದ ಮೇಲೆ ಅದು ಓದುವುದು ಏನನ್ನು? ಇಲ್ಲಿ ತಪ್ಪು ಗೂಗಲ್‌ನದಲ್ಲ, ನಮ್ಮದೇ. ಎರಡು ದಶಕಗಳ ಹಿಂದೆ ಕನ್ನಡ ಜಾಲತಾಣಗಳು, ಪತ್ರಿಕೆಗಳ ಅಂತರ್ಜಾಲ ಆವೃತ್ತಿಗಳೂ ಸೇರಿ, ತಮ್ಮ ತಮ್ಮದೇ ಅಕ್ಷರಶೈಲಿ ಇಟ್ಟುಕೊಂಡಿದ್ದವು. ನುಡಿ, ಬರಹ ಕಾಲದ ಹಳೆಯ ಅಕ್ಷರಶೈಲಿಗಳಲ್ಲಿ ಕಣ್ಣಿಗೆ ಕನ್ನಡವಾಗಿ ಕಾಣುವುದು ಗಣಕದ ಪಾಲಿಗೆ ರೋಮನ್ ಲಿಪಿಯ ಅರ್ಥವಿಲ್ಲದ ಚಿಹ್ನೆಗಳ ಸಾಲು. ಸ್ಕ್ರೀನ್ ರೀಡರ್ ಅದನ್ನು ಇದ್ದದ್ದು ಇದ್ದ ಹಾಗೆ ಓದಿದರೆ ಕೇಳಿಸುವುದು ಬರೀ ಗೊಣಗಾಟ. ಯೂನಿಕೋಡ್ ಬಂದು ಸುದ್ದಿತಾಣಗಳು ಸುಧಾರಿಸಿದವು. ಆದರೆ ಸರ್ಕಾರಿ ಆದೇಶಗಳ ಪಿಡಿಎಫ್ ಕಡತಗಳನ್ನು ತೆರೆದು ನೋಡಿ. ಹಳೆಯ ನುಡಿ ಅಕ್ಷರದಲ್ಲಿ ಟೈಪಿಸಿದ್ದು ಕೆಲವು. ಮುದ್ರಿಸಿ, ಸಹಿ ಹಾಕಿ, ಮೊಹರು ಒತ್ತಿ, ಮತ್ತೆ ಸ್ಕ್ಯಾನ್ ಮಾಡಿ ಏರಿಸಿದ್ದು ಇನ್ನೂ ಹಲವು. ಸ್ಕ್ಯಾನ್ ಆದ ಪುಟ ಒಂದು ಛಾಯಾಚಿತ್ರವಷ್ಟೇ. ವಿಕಲಚೇತನರಿಗೆ ಸಂಬಂಧಿಸಿದ ಆದೇಶವೇ ಅಂಧರಿಗೆ ಓದಲು ಬಾರದ ರೂಪದಲ್ಲಿ ಪ್ರಕಟವಾಗುವ ವೈಚಿತ್ರ್ಯಕ್ಕೆ ಯಾವ ಅಮೆರಿಕನ್ ಕಂಪನಿಯನ್ನೂ ದೂರುವಂತಿಲ್ಲ.

ಮತ್ತೊಂದು ಸಣ್ಣ ಲೋಪವಿದೆ, ಕಣ್ಣಿಗೆ ಕಾಣದ್ದು. ಪ್ರತಿ ಜಾಲಪುಟದ ಒಡಲಲ್ಲಿ ಇದು ಯಾವ ಭಾಷೆಯ ಪುಟ ಎಂದು ಒಂದೆಡೆ ನಮೂದಿಸಬೇಕು. ಎಷ್ಟೋ ಕನ್ನಡ ಪುಟಗಳಲ್ಲಿ ಅಲ್ಲಿ ಇಂಗ್ಲಿಷ್ ಎಂದೇ ಉಳಿದಿರುತ್ತದೆ. ಸ್ಕ್ರೀನ್ ರೀಡರ್ ಆ ಮಾತನ್ನು ನಂಬಿ ಇಂಗ್ಲಿಷ್ ಧ್ವನಿಯಲ್ಲಿ ಕನ್ನಡ ಓದಲು ಹೊರಡುತ್ತದೆ. ಕೆಲವೊಮ್ಮೆ ಸುಮ್ಮನಾಗಿಬಿಡುತ್ತದೆ. ಎರಡಕ್ಷರ ತಿದ್ದಿದರೆ ಸರಿಹೋಗುವ ತಪ್ಪು ಇದು.

ಈ ಸಮಸ್ಯೆ ಕನ್ನಡಕ್ಕಷ್ಟೇ ಸೀಮಿತವೂ ಅಲ್ಲ. ಅಮೆರಿಕದ ವೆಬ್‌ಏಮ್ ಸಂಸ್ಥೆ ಪ್ರತಿ ವರ್ಷ ಜಗತ್ತಿನ ಹತ್ತು ಲಕ್ಷ ಪ್ರಮುಖ ತಾಣಗಳ ಮುಖಪುಟ ತಪಾಸಣೆ ಮಾಡುತ್ತದೆ. 2019ರಲ್ಲಿ ಶೇ 97.8ರಷ್ಟು ಪುಟಗಳಲ್ಲಿ ಅಂತರರಾಷ್ಟ್ರೀಯ ಸುಗಮ್ಯತಾ ಮಾನದಂಡದ ಲೋಪಗಳು ಸಿಕ್ಕವು. 2025ರಲ್ಲಿ ಶೇ 94.8. ಆರು ವರ್ಷದಲ್ಲಿ ಮೂರೇ ಮೂರು ಅಂಶದ ಪ್ರಗತಿ. ಅಷ್ಟೂ ವರ್ಷ ಬದ್ಧತೆಯ ಹೇಳಿಕೆಗಳಿಗೇನೂ ಬರವಿರಲಿಲ್ಲ.

ನಾಲ್ಕು ತಾಲ್ಲೂಕುಗಳ ಲೆಕ್ಕ

2011ರ ಜನಗಣತಿಯಂತೆ ಕರ್ನಾಟಕದಲ್ಲಿ 13.24 ಲಕ್ಷ ಅಂಗವಿಕಲರಿದ್ದರು. ವಿಜಯಪುರ ಜಿಲ್ಲೆಯ ಒಟ್ಟು ಜನಸಂಖ್ಯೆ ಆಗ ಸುಮಾರು 21.77 ಲಕ್ಷ. ಈ ನಾಲ್ಕು ಪಟ್ಟಣಗಳಿಂದ ಜಿಲ್ಲಾ ಕೇಂದ್ರ 40ರಿಂದ 80 ಕಿ.ಮೀ. ದೂರದಲ್ಲಿದೆ. ಕಚೇರಿಗೆ ಅಲೆಯುವುದು ತಪ್ಪಲಿ ಎಂದೇ ಸೇವೆಗಳನ್ನು ಅಂತರ್ಜಾಲಕ್ಕೆ ತರಲಾಯಿತು. ಪಹಣಿ ಭೂಮಿ ತಂತ್ರಾಂಶದಲ್ಲಿ, ಹತ್ತಾರು ಇಲಾಖೆಗಳ ಅರ್ಜಿ ಸೇವಾ ಸಿಂಧುವಿನಲ್ಲಿ, ಅಂಗವಿಕಲರ ಗುರುತಿನ ಚೀಟಿಯ ಅರ್ಜಿ ಸ್ವಾವಲಂಬನ ತಾಣದಲ್ಲಿ. ಸ್ವಾವಲಂಬನ ಎಂಬ ಹೆಸರನ್ನು ಗಮನಿಸಬೇಕು. ಆ ಚೀಟಿಗೆ ಅರ್ಜಿ ಹಾಕಲು ಮತ್ತೊಬ್ಬರ ಅವಲಂಬನೆಯೇ ಬೇಕಾದರೆ ಹೆಸರಿಗೆ ಅರ್ಥವೇನು?

ಒಬ್ಬ ಅಂಧ ಪದವೀಧರ ಸಿಂದಗಿಯಲ್ಲಿದ್ದಾನೆ ಎಂದಿಟ್ಟುಕೊಳ್ಳಿ. ರಿಯಾಯಿತಿ ಬಸ್ ಪಾಸ್‌ಗೆ ಅರ್ಜಿ ಹಾಕಬೇಕು. ಫೋನ್ ತೆರೆಯುತ್ತಾನೆ, ಟಾಕ್‌ಬ್ಯಾಕ್ ಸ್ಪಷ್ಟವಾಗಿ ಕನ್ನಡದಲ್ಲಿ ಓದುತ್ತದೆ. ಅಲ್ಲಿಯವರೆಗೆ ಗೂಗಲ್‌ನ ಕೆಲಸ ಸರಿ. ಮುಂದೆ ಅರ್ಜಿಯ ಖಾನೆಗಳಿಗೆ ಹೆಸರು ಕೊಟ್ಟಿಲ್ಲದಿದ್ದರೆ ‘ಎಡಿಟ್ ಬಾಕ್ಸ್, ಎಡಿಟ್ ಬಾಕ್ಸ್’ ಎಂದಷ್ಟೇ ಕೇಳಿಸುತ್ತದೆ. ತಂದೆಯ ಹೆಸರು ಯಾವುದು, ಪಿನ್‌ಕೋಡ್ ಯಾವುದು ಊಹಿಸಬೇಕು. ಗುಂಡಿಗೆ ಹೆಸರಿಲ್ಲದಿದ್ದರೆ ‘ಬಟನ್’. ಅದು ಸಲ್ಲಿಸುವ ಗುಂಡಿಯೋ, ಅಳಿಸುವ ಗುಂಡಿಯೋ? ತಾರೀಖು ಆರಿಸುವ ಕ್ಯಾಲೆಂಡರ್ ಬೆರಳಿಗೆ ಸಿಗುವುದಿಲ್ಲ. ಎಲ್ಲ ದಾಟಿ ಬಂದರೆ ಕೊನೆಯಲ್ಲಿ ಕ್ಯಾಪ್ಚಾ, ಅಂದರೆ ಸೊಟ್ಟಗೆ ಬರೆದ ಅಕ್ಷರಗಳನ್ನು ಗುರುತಿಸಿ ತಾನು ಮನುಷ್ಯನೆಂದು ರುಜುವಾತುಪಡಿಸುವ ಪರೀಕ್ಷೆ. ಧ್ವನಿಯ ಪರ್ಯಾಯ ಇಲ್ಲದ ಕಡೆ ಈ ಪರೀಕ್ಷೆಯ ಪ್ರಕಾರ ಅಂಧ ಮನುಷ್ಯನೇ ಅಲ್ಲ.

ಅಲ್ಲಿಂದ ಆತ ಗ್ರಾಮ ಒನ್ ಕೇಂದ್ರಕ್ಕೆ ಅಥವಾ ಬಸ್ ನಿಲ್ದಾಣದ ಬಳಿಯ ಸೈಬರ್ ಕೆಫೆಗೆ ಹೋಗಬೇಕು. ಕಣ್ಣಿದ್ದವರೂ ಅಲ್ಲಿಗೇ ಹೋಗುತ್ತಾರಲ್ಲ ಎಂಬ ವಾದ ಉಂಟು. ಹೋಗುತ್ತಾರೆ, ಆದರೆ ಹೋಗದೆ ಇರುವ ಆಯ್ಕೆ ಅವರಿಗಿದೆ.

ಉತ್ತರ ಕರ್ನಾಟಕಕ್ಕೆ ಅಂಧರ ಸ್ವಾವಲಂಬನೆ ಹೊಸ ವಿಚಾರವೇನಲ್ಲ. ಗದುಗಿನ ವೀರೇಶ್ವರ ಪುಣ್ಯಾಶ್ರಮದಲ್ಲಿ ಪಂಚಾಕ್ಷರ ಗವಾಯಿಗಳು, ಅವರ ನಂತರ ಪುಟ್ಟರಾಜ ಗವಾಯಿಗಳು ಕಣ್ಣಿಲ್ಲದ ಮಕ್ಕಳಿಗೆ ಸಂಗೀತ ಕಲಿಸಿ ತಮ್ಮ ಕಾಲ ಮೇಲೆ ನಿಲ್ಲುವಂತೆ ಮಾಡಿದ ಕಥೆ ಈ ಭಾಗದ ಮನೆಮನೆಗೂ ಗೊತ್ತು. ಅಂದು ಹಾರ್ಮೋನಿಯಂ ಕೈಗೆ ಕೊಟ್ಟ ನೆಲದಲ್ಲಿ ಇಂದು ಬೇಕಾಗಿರುವುದು ಹೆಸರಿಟ್ಟ ಒಂದು ಗುಂಡಿ.

ಪೂರ್ಣ ದೃಷ್ಟಿಹೀನರಷ್ಟೇ ಅಲ್ಲ. ಕಣ್ಣಿಗೆ ಪೊರೆ ಬಂದ ಮುದ್ದೇಬಿಹಾಳದ ವೃದ್ಧ ರೈತ ಫೋನಿನ ಅಕ್ಷರವನ್ನು ದೊಡ್ಡದು ಮಾಡಿಕೊಂಡಾಗ ಎಷ್ಟೋ ಆ್ಯಪ್‌ಗಳಲ್ಲಿ ಸಾಲುಗಳು ಒಂದರ ಮೇಲೊಂದು ಏರಿ, ಒತ್ತಬೇಕಾದ ಗುಂಡಿ ತೆರೆಯಿಂದಾಚೆ ಹೋಗಿಬಿಡುತ್ತದೆ. ಆತ ತನ್ನನ್ನು ಅಂಗವಿಕಲ ಎಂದುಕೊಂಡಿಲ್ಲ, ಯಾವ ಗಣತಿಯಲ್ಲಿಯೂ ಇಲ್ಲ. ‘ಫೋನ್ ನನಗ ಬರೂದಿಲ್ಲಪ’ ಎಂದು ಮಗನ ಕೈಗೆ ಕೊಟ್ಟು ಸುಮ್ಮನಾಗುತ್ತಾನೆ.

ಅಂಗಡಿಯ ಕೀಲಿಕೈ

ಗೂಗಲ್‌ನ ಪರವಾಗಿ ಹೇಳಬಹುದಾದ ಮಾತೆಂದರೆ, ಇತರರು ಬರೆದ ಆ್ಯಪ್‌ಗಳಿಗೆ ತಾನು ಹೊಣೆಯಲ್ಲ ಎಂಬುದು. ಮೇಲ್ನೋಟಕ್ಕೆ ನ್ಯಾಯವಾದ ವಾದ. ರಸ್ತೆ ಹಾಕಿದವನು ಪ್ರತಿ ಅಂಗಡಿಯ ಮೆಟ್ಟಿಲಿಗೆ ಹೊಣೆಯಾಗಲಾರ. ಆದರೆ ಇಲ್ಲಿ ರಸ್ತೆಯೂ ಗೂಗಲ್‌ನದೇ, ಸಂತೆಯೂ ಗೂಗಲ್‌ನದೇ. ಪ್ಲೇ ಸ್ಟೋರ್‌ನಲ್ಲಿ ಯಾವ ಆ್ಯಪ್ ಇರಬೇಕು, ಯಾವುದು ಇರಬಾರದು ಎಂಬುದನ್ನು ನಿರ್ಧರಿಸುವುದು ಆ ಕಂಪನಿಯೇ. ಆ್ಯಂಡ್ರಾಯ್ಡ್ ಮಾರುಕಟ್ಟೆಯಲ್ಲಿ ಪ್ರಾಬಲ್ಯ ದುರುಪಯೋಗಪಡಿಸಿಕೊಂಡಿದ್ದಕ್ಕಾಗಿ ಭಾರತೀಯ ಸ್ಪರ್ಧಾ ಆಯೋಗ 2022ರ ಅಕ್ಟೋಬರ್‌ನಲ್ಲಿ 1,337.76 ಕೋಟಿ ರೂ. ದಂಡ ವಿಧಿಸಿದಾಗ ಎತ್ತಿ ಹಿಡಿದದ್ದು ಈ ಯಜಮಾನಿಕೆಯನ್ನೇ.

ಯಜಮಾನಿಕೆಯನ್ನು ಚಲಾಯಿಸಲು ಕಂಪನಿ ಹಿಂಜರಿದದ್ದೂ ಇಲ್ಲ. 2019ರ ಆಗಸ್ಟ್‌ನಿಂದ ಆ್ಯಪ್‌ಗಳು 64-ಬಿಟ್ ಆವೃತ್ತಿ ಕೊಡಲೇಬೇಕೆಂದು ಕಟ್ಟುನಿಟ್ಟು ಮಾಡಿತು. ಪ್ರತಿ ವರ್ಷ ಹೊಸ ಆ್ಯಂಡ್ರಾಯ್ಡ್‌ಗೆ ಹೊಂದಿಕೊಳ್ಳದಿದ್ದರೆ ಹೊಸ ಆವೃತ್ತಿ ಏರಿಸಲು ಬಿಡುವುದಿಲ್ಲ. ಅಂಗವಿಕಲರಿಗಾಗಿ ಮೀಸಲಾದ ತಾಂತ್ರಿಕ ಸೌಲಭ್ಯವನ್ನು ಬೇರೆ ಉದ್ದೇಶಕ್ಕೆ ಬಳಸುವ ಆ್ಯಪ್‌ಗಳನ್ನು ತೆಗೆದುಹಾಕುವುದಾಗಿ 2017ರಲ್ಲಿ ಎಚ್ಚರಿಸಿತ್ತು. ಲಕ್ಷಾಂತರ ಆ್ಯಪ್ ತಯಾರಕರು ಮರುಮಾತಿಲ್ಲದೆ ಪಾಲಿಸಿದರು. ಗುಂಡಿಗೆ ಹೆಸರು ಕೊಡಿ ಎಂಬ ಷರತ್ತು ಮಾತ್ರ ಆ ಪಟ್ಟಿಯಲ್ಲಿ ಸೇರಿಲ್ಲ.

ಗೊತ್ತಿಲ್ಲವೆಂದು ಹೇಳುವಂತೆಯೂ ಇಲ್ಲ. ಯಾವುದೇ ಆ್ಯಪ್‌ನ ತೆರೆಯನ್ನು ತಪಾಸಿಸಿ ಹೆಸರಿಲ್ಲದ ಗುಂಡಿ, ಮಸುಕಾದ ಅಕ್ಷರ, ಬೆರಳಿಗೆ ಸಿಗದಷ್ಟು ಚಿಕ್ಕದಾದ ಜಾಗಗಳನ್ನು ಪಟ್ಟಿ ಮಾಡುವ ‘ಆ್ಯಕ್ಸೆಸಿಬಿಲಿಟಿ ಸ್ಕ್ಯಾನರ್’ ಅನ್ನು ಗೂಗಲ್ 2016ರಲ್ಲಿಯೇ ಬಿಡುಗಡೆ ಮಾಡಿದೆ. ಆ್ಯಪ್ ಪ್ರಕಟಿಸುವ ಮುನ್ನ ಪ್ಲೇ ಸ್ಟೋರ್ ನಡೆಸುವ ಪರೀಕ್ಷೆಯ ವರದಿಯಲ್ಲಿಯೂ ಈ ಲೋಪಗಳು ನಮೂದಾಗುತ್ತವೆ. ವರದಿ ಹೋಗುವುದು ಆ್ಯಪ್ ಬರೆದವರಿಗೆ ಮಾತ್ರ. ಬಳಸುವವರಿಗೆ ಅದು ಕಾಣುವುದಿಲ್ಲ. ಅಂದರೆ ಯಾವ ಆ್ಯಪ್ ಅಂಧರಿಗೆ ಬಳಸಲು ಬರುತ್ತದೆ, ಯಾವುದು ಬರುವುದಿಲ್ಲ ಎಂಬುದನ್ನು ತಿಳಿಯುವ ಸಾಧನ ಕಂಪನಿಯ ಕೈಯಲ್ಲಿದೆ, ಸರಿಪಡಿಸಿ ಎಂದು ಹೇಳುವ ಅಧಿಕಾರವೂ ಇದೆ. ಎರಡೂ ಇದ್ದು ಸುಮ್ಮನಿರುವುದನ್ನು ಬದ್ಧತೆ ಎನ್ನಲು ನಾಲಿಗೆ ಏಳುವುದಿಲ್ಲ.

ಪ್ರತಿಸ್ಪರ್ಧಿ ಆಪಲ್ 2025ರ ಮೇ ತಿಂಗಳಲ್ಲಿ ತನ್ನ ಆ್ಯಪ್ ಸ್ಟೋರ್‌ನಲ್ಲಿ ಪ್ರತಿ ಆ್ಯಪ್‌ನ ಪಕ್ಕ ಸುಗಮ್ಯತೆಯ ವಿವರ ತೋರಿಸುವ ಪಟ್ಟಿಯನ್ನು ಪ್ರಕಟಿಸಿತು. ಬಿಸ್ಕತ್ತಿನ ಪೊಟ್ಟಣದ ಹಿಂದೆ ಸಕ್ಕರೆ ಎಷ್ಟು, ಉಪ್ಪು ಎಷ್ಟು ಎಂದು ಬರೆಯುವ ಹಾಗೆ. ಆ ವಿವರವನ್ನು ಕೊಡುವವರು ಆ್ಯಪ್ ತಯಾರಕರೇ ಆದ್ದರಿಂದ ಅದನ್ನು ಪೂರ್ತಿ ನಂಬಲಾಗದು. ಆದರೂ ಇಳಿಸಿಕೊಳ್ಳುವ ಮುನ್ನವೇ ತಿಳಿಯುತ್ತದೆ. ಈ ಕ್ರಮ ಐಫೋನಿಗಿಂತ ಆ್ಯಂಡ್ರಾಯ್ಡ್‌ಗೇ ಹೆಚ್ಚು ಅಗತ್ಯ, ಏಕೆಂದರೆ ಬಡವರ ಫೋನ್ ಅದು.

ದೊಡ್ಡ ಕಂಪನಿಗಳು ಪ್ರತಿ ಉತ್ಪನ್ನಕ್ಕೂ ಸುಗಮ್ಯತಾ ಅನುಸರಣೆಯ ವರದಿ ಪ್ರಕಟಿಸುತ್ತವೆ ಎಂಬುದೂ ನಿಜ. ಅಮೆರಿಕದ ಸರ್ಕಾರಿ ಖರೀದಿಗೆ ಅವು ಬೇಕು. ಆ ವರದಿಗಳನ್ನು ಓದಿದರೆ ಇಂಗ್ಲಿಷ್ ಬಳಕೆದಾರನ ಪಾಡು ತಿಳಿದೀತು, ಕನ್ನಡ ಬಳಕೆದಾರನದು ತಿಳಿಯದು. ಇನ್ನು ಒಂದು ಸಾಲಿನ ಸಂಕೇತ ಸೇರಿಸಿದರೆ ಇಡೀ ತಾಣವೇ ಸುಗಮ್ಯವಾಗುತ್ತದೆ ಎಂದು ಮಾರುವವರ ಬಗ್ಗೆ ಹೆಚ್ಚು ಹೇಳಬೇಕಿಲ್ಲ. ಅಂತಹದೇ ಭರವಸೆ ಕೊಟ್ಟ ‘ಆ್ಯಕ್ಸೆಸಿಬಿ’ ಎಂಬ ಕಂಪನಿಗೆ ಅಮೆರಿಕದ ವ್ಯಾಪಾರ ಆಯೋಗ 2025ರಲ್ಲಿ 10 ಲಕ್ಷ ಡಾಲರ್ ತೆರುವಂತೆ ಮಾಡಿತು.

ಕಂಪನಿಯ ಒಳ್ಳೆಯತನವನ್ನಷ್ಟೇ ನೆಚ್ಚಿ ಕೂರುವುದು ಎಷ್ಟು ಅಪಾಯ ಎಂಬುದಕ್ಕೆ ಟ್ವಿಟರ್ ಸಾಕ್ಷಿ. ಕಿವುಡರಿಗೆ ಪ್ರಯೋಜನವಿಲ್ಲದ ಧ್ವನಿ ಟ್ವೀಟ್ ಸೌಲಭ್ಯ ತಂದು 2020ರಲ್ಲಿ ಟೀಕೆಗೆ ಗುರಿಯಾದ ಆ ಸಂಸ್ಥೆ, ತಪ್ಪು ತಿದ್ದಿಕೊಂಡು ಅದಕ್ಕೆಂದೇ ತಂಡ ಕಟ್ಟಿತು. ತಂಡ ಒಳ್ಳೆಯ ಕೆಲಸವನ್ನೇ ಮಾಡುತ್ತಿತ್ತು. 2022ರ ನವೆಂಬರ್‌ನಲ್ಲಿ ಮಾಲೀಕರು ಬದಲಾದ ಬೆನ್ನಿಗೇ ತಂಡಕ್ಕೆ ತಂಡವೇ ಮನೆಗೆ ಹೋಯಿತು.

ಕಾನೂನಿನ ಮಾತು

ಹಾಗಾಗಿ ಕಾನೂನಿನ ಕಡೆ ನೋಡಬೇಕು. ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಅಧಿನಿಯಮ 2016ರಲ್ಲಿಯೇ ಬಂದಿದೆ. ಅದರ 46ನೇ ಕಲಮಿನಂತೆ ಸರ್ಕಾರಿ ಇರಲಿ, ಖಾಸಗಿ ಇರಲಿ, ಸೇವೆ ಕೊಡುವವರೆಲ್ಲರೂ ನಿಯಮ ಪ್ರಕಟವಾದ ಎರಡು ವರ್ಷದೊಳಗೆ ತಮ್ಮ ಸೇವೆಯನ್ನು ಸುಗಮ್ಯಗೊಳಿಸಬೇಕು. ನಿಯಮ ಪ್ರಕಟವಾದದ್ದು 2017ರ ಜೂನ್‌ನಲ್ಲಿ. ಗಡುವು ಮುಗಿದದ್ದು 2019ರ ಜೂನ್‌ಗೆ. ಉಲ್ಲಂಘನೆಗೆ 89ನೇ ಕಲಮಿನಡಿ ಮೊದಲ ಸಲ ಗರಿಷ್ಠ ದಂಡ 10 ಸಾವಿರ ರೂ. ಮರುಕಳಿಸಿದರೆ 50 ಸಾವಿರದಿಂದ 5 ಲಕ್ಷ ರೂ. ಸಾವಿರಾರು ಕೋಟಿ ವಹಿವಾಟಿನ ಕಂಪನಿಗೆ ಹತ್ತು ಸಾವಿರವೆಂದರೆ ಒಂದು ದಿನದ ಚಹಾ-ಕಾಫಿ ಖರ್ಚು.

ಖಾಸಗಿಯವರಿಗೆ ಈ ಕಾನೂನು ಅನ್ವಯಿಸುತ್ತದೆಯೇ ಎಂಬ ಗೊಂದಲ ನಿವಾರಣೆಯಾದ ಪ್ರಕರಣಗಳಲ್ಲೊಂದು ಕರ್ನಾಟಕದ ಕಂಪನಿಗೇ ಸಂಬಂಧಿಸಿದ್ದು. ವೈದ್ಯರ ಭೇಟಿಗೆ ಸಮಯ ಕಾಯ್ದಿರಿಸುವ ಬೆಂಗಳೂರಿನ ಪ್ರ್ಯಾಕ್ಟೊ ಆ್ಯಪ್ ಸ್ಕ್ರೀನ್ ರೀಡರ್‌ಗೆ ಹೊಂದುವುದಿಲ್ಲವೆಂದು ಅಂಧ ವಕೀಲ ರಾಹುಲ್ ಬಜಾಜ್ ಅಂಗವಿಕಲರ ಮುಖ್ಯ ಆಯುಕ್ತರ ಮೊರೆ ಹೋದರು. ಖಾಸಗಿ ಸಂಸ್ಥೆಯೂ ಈ ಕಾನೂನಿಗೆ ಬದ್ಧ, ಆ್ಯಪ್ ಸರಿಪಡಿಸಬೇಕು ಎಂದು 2022ರಲ್ಲಿ ಆಯುಕ್ತರು ಹೇಳಿದರು. 2024ರ ನವೆಂಬರ್ 8ರಂದು ರಾಜೀವ್ ರತೂರಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ಸುಗಮ್ಯತೆಯ ಮಾನದಂಡಗಳನ್ನು ಬರೀ ಸಲಹೆಗಳ ಮಟ್ಟಕ್ಕಿಳಿಸಿದ್ದ ನಿಯಮವನ್ನು ಕಾನೂನುಬಾಹಿರವೆಂದು ಸಾರಿ, ಕಡ್ಡಾಯ ನಿಯಮ ರೂಪಿಸಲು ಕೇಂದ್ರಕ್ಕೆ ಸೂಚಿಸಿತು. 2025ರ ಏಪ್ರಿಲ್ 30ರಂದು ಬಂದ ಪ್ರಜ್ಞಾ ಪ್ರಸೂನ್ ತೀರ್ಪು ಇನ್ನೂ ಮುಂದೆ ಹೋಯಿತು. ಆ್ಯಸಿಡ್ ದಾಳಿಗೆ ತುತ್ತಾದವರಿಗೆ, ಅಂಧರಿಗೆ ಕಣ್ಣು ಮಿಟುಕಿಸಿ ತೋರಿಸಿ ಎಂದು ಕೇಳುವ ಬ್ಯಾಂಕಿನ ಇ-ಕೆವೈಸಿ ಪದ್ಧತಿಯೇ ಈ ವ್ಯಾಜ್ಯದ ಮೂಲ. ಡಿಜಿಟಲ್ ಸೇವೆಗಳಿಗೆ ಪ್ರವೇಶ ಎಂಬುದು ಸಂವಿಧಾನದ 21ನೇ ವಿಧಿಯ ಜೀವಿಸುವ ಹಕ್ಕಿನ ಭಾಗ ಎಂದ ನ್ಯಾಯಾಲಯ 20 ನಿರ್ದೇಶನಗಳನ್ನು ಕೊಟ್ಟಿತು.

ಯುರೋಪಿನಲ್ಲಿ 2025ರ ಜೂನ್ 28ರಿಂದ ಸುಗಮ್ಯತಾ ಕಾಯ್ದೆ ಜಾರಿಗೆ ಬಂದಿದೆ. ಅಲ್ಲಿನ ಗ್ರಾಹಕನಿಗಾಗಿ ಆ್ಯಪ್ ತಿದ್ದುವ ಕಂಪನಿಗಳಿಗೆ ಇಲ್ಲಿನವನಿಗಾಗಿ ತಿದ್ದುವುದು ತಾಂತ್ರಿಕವಾಗಿ ಅಸಾಧ್ಯವೆಂದು ಹೇಳಲು ಇನ್ನು ಬಾಯಿಲ್ಲ.

ರಾಜ್ಯ ಸರ್ಕಾರದ ಕೈಯಲ್ಲಿಯೂ ಒಂದು ಅಸ್ತ್ರವಿದೆ, ಬಳಸಿದರೆ. ಗ್ರಾಮ ಪಂಚಾಯಿತಿಗೊಬ್ಬರಂತೆ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು, ತಾಲ್ಲೂಕಿಗೊಬ್ಬರಂತೆ ವಿವಿಧೋದ್ದೇಶ ಪುನರ್ವಸತಿ ಕಾರ್ಯಕರ್ತರು ಗೌರವಧನದ ಮೇಲೆ ದುಡಿಯುತ್ತಿದ್ದಾರೆ. ಇವರೂ ಅಂಗವಿಕಲರೇ. ಮಾಸಾಶನ, ಗುರುತಿನ ಚೀಟಿ, ಬಸ್ ಪಾಸಿನ ಅರ್ಜಿಗಳ ಒಳಹೊರಗನ್ನು ಇವರಷ್ಟು ಬಲ್ಲವರಿಲ್ಲ. ಹೊಸ ಆ್ಯಪ್ ಅಥವಾ ಪೋರ್ಟಲ್‌ಗೆ ಬಿಲ್ ಪಾವತಿಸುವ ಮುನ್ನ ಈ ನಾಲ್ಕು ತಾಲ್ಲೂಕುಗಳ ಅಂಧ ಕಾರ್ಯಕರ್ತರ ಕೈಗೆ ಅಗ್ಗದ ಫೋನ್ ಕೊಟ್ಟು, ಕನ್ನಡದ ಧ್ವನಿಯಲ್ಲಿ, ಅರ್ಜಿ ಸಲ್ಲಿಸಿ ತೋರಿಸಲು ಹೇಳಬಹುದು. ಸಲ್ಲಿಕೆಯಾಯಿತೇ, ಇಲ್ಲವೇ, ಎಲ್ಲಿ ನಿಂತಿತು ಎಂಬುದನ್ನು ಬರೆದುಕೊಟ್ಟರೆ ಸಾಕು. ಈ ಕೆಲಸಕ್ಕೆ ಸಲಹಾ ಸಂಸ್ಥೆಗಳ ಲಕ್ಷಾಂತರ ರೂಪಾಯಿಯ ವರದಿ ಬೇಕಿಲ್ಲ. ಕಾರ್ಯಕರ್ತರಿಗೆ ಪರೀಕ್ಷೆಯ ದಿನದ ಭತ್ಯೆ ಕೊಡಬೇಕಷ್ಟೆ.

ಗೂಗಲ್‌ಗೂ ಇದೇ ಪರೀಕ್ಷೆ ಅನ್ವಯವಾಗಬಹುದು. 2025ರ ಫೆಬ್ರುವರಿಯಲ್ಲಿ ಕಂಪನಿ ಬೆಂಗಳೂರಿನ ಮಹದೇವಪುರದಲ್ಲಿ ‘ಅನಂತ’ ಎಂಬ ಕಚೇರಿ ತೆರೆಯಿತು. ಜಗತ್ತಿನಲ್ಲಿ ಅದು ಹೊಂದಿರುವ ಅತಿ ದೊಡ್ಡ ಕಚೇರಿಗಳಲ್ಲಿ ಇದೂ ಒಂದು. ಅಂಧ ಉದ್ಯೋಗಿಗಳು ಕಾಲಿನ ಸ್ಪರ್ಶದಿಂದಲೇ ದಾರಿ ತಿಳಿಯುವಂತಹ ನೆಲಹಾಸು ಅಲ್ಲಿದೆ. ಅಲ್ಲಿಂದ ಬಸವನ ಬಾಗೇವಾಡಿಗೆ ಒಂದು ರಾತ್ರಿಯ ಬಸ್ ಪ್ರಯಾಣ. ಕರ್ನಾಟಕದಲ್ಲಿ ಅತಿ ಹೆಚ್ಚು ಇಳಿಸಿಕೊಳ್ಳಲಾಗುವ ನೂರು ಆ್ಯಪ್‌ಗಳಲ್ಲಿ ಎಷ್ಟು ಕನ್ನಡದ ಟಾಕ್‌ಬ್ಯಾಕ್‌ನಲ್ಲಿ ಬಳಸಲು ಬರುತ್ತವೆ ಎಂಬ ಪಟ್ಟಿಯನ್ನು ಕಂಪನಿ ತನ್ನಲ್ಲಿರುವ ತಪಾಸಣೆಯ ಸಾಧನದಿಂದಲೇ ಸಿದ್ಧಪಡಿಸಿ ಪ್ರಕಟಿಸಬಹುದು. ಮುಂದಿನ ಮೇ ತಿಂಗಳ ಹೇಳಿಕೆಯಲ್ಲಿ ಬೇರೇನೂ ಇರದಿದ್ದರೂ ನಡೆದೀತು, ಆ ಪಟ್ಟಿ ಇರಲಿ.